ಹನ್ನೊಂದು ಒಲೆಮನೆಗಳ ಬಾಗಿಲು

ನಮ್ಮೂರಿನಲ್ಲಿ ಬಾಗಿಲು ಹಾಕುವ ಮುಂಚೆ ಬಾಯಿ ತೆರೆಯಬೇಕು. ಒಳಗಿರುವವರಲ್ಲಿ ಯಾರಾದರೂ ಒಂದು ತಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರೆ ಆ ಮನೆಯ ಚಿಲಕ ಕೂರುವುದಿಲ್ಲ. ಎಣ್ಣೆ ಬಿಡಿ, ಬಡಗಿಯನ್ನು ಕರೆಸಿ, ಹೊಸ ಚಿಲಕವನ್ನೇ ಹಾಕಿಸಿ, ಕೂರುವುದಿಲ್ಲ. ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ಮನೆಮಂದಿಯೆಲ್ಲ ಹೊಸ್ತಿಲ ಹತ್ತಿರ ನಿಂತು ಅಂದಿನದನ್ನು ಅಂದೇ ಹೇಳಿ ಮುಗಿಸುತ್ತೇವೆ. "ಸಾರಿಗೆ ಎರಡು ಸಲ ಉಪ್ಪು ಹಾಕಿ, ತಪ್ಪನ್ನ ಹುಣಿಸೇಹಣ್ಣಿನ ಮೇಲೆ ಹಾಕಿದೆ" ಎಂದು ನಮ್ಮಮ್ಮ ಹೇಳುತ್ತಿದ್ದಳು. ಕೊನೆಯಲ್ಲಿ ಹಿರಿಯರೊಬ್ಬರು "ಇನ್ನೇನಾದ್ರೂ ಉಳೀತಾ?" ಎಂದು ಕೇಳುತ್ತಾರೆ. "ಏನೂ ಉಳಿದಿಲ್ಲ" ಎಂದರೆ ಮುಗಿಯಿತು, ಚಿಲಕ ಕೂರುತ್ತದೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆ ಮುಟ್ಟುವ ಮುಂಚೆ ಒಮ್ಮೆ ಬಾಗಿಲು ಹಾಕಿ ನೋಡುತ್ತಾರೆ. ಚಿಲಕ ಕೂರದ ಮನೆಯವರು ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಮಲಗುತ್ತಾರೆ. ಹಗ್ಗ ಕಂಡರೂ ಕಾಣದವರ ಹಾಗೆ ದಾಟಿ ಹೋಗುವುದು ನಮ್ಮೂರಿನ ಮರ್ಯಾದೆ. ಮನೆಯ ತಪ್ಪು ಮನೆಯ ಬಾಗಿಲಿಗೆ, ಕೆಲಸದ ಜಾಗದ ತಪ್ಪು ಕೆಲಸದ ಜಾಗದ ಬಾಗಿಲಿಗೆ; ಒಂದು ಇನ್ನೊಂದನ್ನು ಮುಟ್ಟುವುದಿಲ್ಲ.

ಇಂಥ ಊರಿಗೆ ಅಣು ವಿದ್ಯುತ್ ಸ್ಥಾವರ ಬಂದಾಗ ಹಿರಿಯರು ಹೆದರಲಿಲ್ಲವಂತೆ. ರಿಯಾಕ್ಟರ್ ಇರುವ ದುಂಡನೆಯ ಕಟ್ಟಡಕ್ಕೆ ಒಲೆಮನೆ ಎಂದು ಅವರೇ ಹೆಸರಿಟ್ಟರು. ಅದಕ್ಕೆ ಮೊಳದಪ್ಪದ ಉಕ್ಕಿನ ಬಾಗಿಲು, ತೋಳಿನಷ್ಟು ದಪ್ಪದ ಚಿಲಕ, ಸುತ್ತ ಗಾಳಿ ನುಸುಳದಂತೆ ರಬ್ಬರ್ ಪಟ್ಟಿ. ಆ ಚಿಲಕ ಕೂರದಿದ್ದರೆ ಒಂದು ದಿನದೊಳಗೆ ಒಲೆ ಆರಿಸಬೇಕು ಎನ್ನುವುದು ನಿಯಮ. ಮೂವತ್ತು ವರ್ಷಗಳಲ್ಲಿ ನಾಲ್ಕೇ ಸಲ ಆರಿಸಿದ್ದು. ನಾಲ್ಕು ಸಲವೂ ಸಂಜೆಯೊಳಗೆ ತಪ್ಪಿತಸ್ಥರು ತಾವಾಗಿಯೇ ಬಂದು ಹೇಳಿದ್ದರು. ಆ ಬಾಗಿಲಿನ ದಿನಚರಿ ಬರೆಯುವ ಕೆಲಸ ಆಗ ನನ್ನದಾಗಿತ್ತು. ಎಷ್ಟು ಗಂಟೆಗೆ ತೆರೆಯಿತು, ಎಷ್ಟು ಗಂಟೆಗೆ ಮುಚ್ಚಿತು, ಯಾರು ಏನು ಹೇಳಿಕೊಂಡರು, ಎಲ್ಲ ನನ್ನ ಪುಸ್ತಕದಲ್ಲಿರುತ್ತಿತ್ತು. ಹದಿನಾಲ್ಕು ವರ್ಷದಿಂದ ಪಂಕಜಾಕ್ಷಿಯ ಪುಸ್ತಕವೆಂದರೆ ಸ್ಥಾವರದಲ್ಲಿ ಎರಡು ಮಾತಿರಲಿಲ್ಲ.

ಬಾಗಿಲನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಓಬಳೇಶಣ್ಣ. ಪಟ್ಟಿ ಬದಲಿಸುವುದು, ಕೀಲಿಗೆ ಎಣ್ಣೆ ಬಿಡುವುದು, ಪಾಳಿ ಮುಗಿದಾಗ "ಇನ್ನೇನಾದ್ರೂ ಉಳೀತಾ?" ಎಂದು ಕೇಳಿ ಬಾಗಿಲೆಳೆಯುವುದು, ಎಲ್ಲ ಅವರದೇ. ಚಿಲಕ ಕೂತ ಮೇಲೂ ಒಮ್ಮೆ ಜಗ್ಗಿ ನೋಡುವುದು ಅವರ ಅಭ್ಯಾಸ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, "ಬಾಗ್ಲು ಅಂದ್ರೆ ಹಸು ಇದ್ದಂಗೆ ಪಂಕಜಾ, ದಿನಾ ಮೈ ಮುಟ್ಟಿ ನೋಡ್ಬೇಕು" ಎಂದು ಕಲಿಸಿದವರು ಅವರು. ಅವರ ಮೇಲೆ ಜನಕ್ಕೆ ಗೌರವವಿತ್ತು, ಒಂದಿಷ್ಟು ಅಸಹನೆಯೂ ಇತ್ತು. ಯಾಕೆಂದರೆ ತಮ್ಮ ಸರದಿ ಬಂದಾಗ ಓಬಳೇಶಣ್ಣ ಯಾವಾಗಲೂ ಹೇಳುತ್ತಿದ್ದುದು ಒಂದೇ ಮಾತು: "ಏನೂ ಇಲ್ಲ." ವರ್ಷಗಟ್ಟಲೆ ಒಂದು ತಪ್ಪನ್ನೂ ಹೇಳಿಕೊಳ್ಳದ ಮನುಷ್ಯ ನಮ್ಮೂರಿನಲ್ಲಿ ಸ್ವಲ್ಪ ಗಂಟಲಿಗೆ ಸಿಕ್ಕುತ್ತಾನೆ.

ಎರಡು ವರ್ಷದ ಹಿಂದಿನ ಮಾತು. ಅಣು ಸ್ಥಾವರಗಳ ಸುರಕ್ಷತೆಯ ಬಗ್ಗೆ ದೇಶದೇಶಗಳ ನಡುವೆ ಒಂದು ಒಪ್ಪಂದ ಆಗಬೇಕಿತ್ತು. ಸರ್ಕಾರಗಳು ಮೀನಮೇಷ ಎಣಿಸುತ್ತ ಕೂತಿದ್ದವು. ಆಗ ಸ್ಥಾವರ ನಡೆಸುವ ಕಂಪನಿಗಳೇ ಒಂದು ಸಭೆ ಸೇರಿದವು. ನಮ್ಮ ನಿರ್ದೇಶಕರು ಚಂದ್ರಮೌಳಿಯವರು, ಹೆಚ್ಚು ಮಾತಾಡದ, ಬಿಳಿ ಅರ್ಧ ತೋಳಿನ ಅಂಗಿಯ ಮನುಷ್ಯ, ಆ ಸಭೆಯಲ್ಲಿ ಎದ್ದು ನಿಂತು, "ಸರ್ಕಾರಗಳು ಹಾಕುವಾಗ ಹಾಕಲಿ. ಒಲೆ ಉರಿಸುವವರು ನಾವು, ಮೊದಲು ನಾವು ಸಹಿ ಹಾಕೋಣ" ಎಂದರಂತೆ. ಹತ್ತು ದೇಶದ ಹನ್ನೊಂದು ಸ್ಥಾವರಗಳು ಒಪ್ಪಿದವು. ಒಬ್ಬರು ಇನ್ನೊಬ್ಬರನ್ನು ಬಂದು ತಪಾಸಣೆ ಮಾಡಬಹುದು, ಒಂದು ಕಡೆ ನಡೆದ ಎಡವಟ್ಟನ್ನು ವಾರದೊಳಗೆ ಎಲ್ಲರಿಗೂ ತಿಳಿಸಬೇಕು. ಕರಡಿಗೆ ಚಂದ್ರಮೌಳಿಯವರು ತಮ್ಮ ಕೈಯಾರೆ ಒಂದು ಸಾಲು ಸೇರಿಸಿದರು: "ಈ ಹನ್ನೊಂದೂ ಒಂದೇ ಮನೆ, ಒಂದು ಒಲೆಯ ಹತ್ತಿರ ಮುಚ್ಚಿಟ್ಟ ತಪ್ಪು ಎಲ್ಲ ಒಲೆಗಳ ತಪ್ಪು." ಉಳಿದವರು ಅದನ್ನು ಸಭೆಯ ಚೆಂದದ ಮಾತು ಎಂದುಕೊಂಡು ಕೈ ತಟ್ಟಿ ಸಹಿ ಹಾಕಿದರು. ಅವರ ಊರುಗಳಲ್ಲಿ ಬಾಗಿಲುಗಳು ಬರೀ ಬಾಗಿಲುಗಳಾಗಿದ್ದವು.

ಒಪ್ಪಂದ ಜಾರಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಸ್ಥಾವರದ ಗೇಟಿಗೆ ಮಾವಿನ ತೋರಣ ಕಟ್ಟಿದ್ದರು. ಓಬಳೇಶಣ್ಣನೂ ಸೇರಿ ಎಲ್ಲರೂ ಕ್ಯಾಂಟೀನಿನಲ್ಲಿ ಮೈಸೂರು ಪಾಕು ತಿನ್ನುತ್ತ, ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದರು. ಬಾಗಿಲಿನ ಹತ್ತಿರ ನಾನೊಬ್ಬಳೇ ಇದ್ದೆ. ಹನ್ನೊಂದರ ಗಂಟೆ ಹೊಡೆದಾಗ ಕ್ಯಾಂಟೀನಿನಿಂದ ಚಪ್ಪಾಳೆ ಕೇಳಿಸಿತು. ಒಳಗೆ ಉಳಿದಿದ್ದ ಪಾಳಿಯವರನ್ನೂ ಸಿಹಿ ತಿನ್ನಲು ಕಳಿಸಿ, ನಾನೇ ಬಾಗಿಲು ಎಳೆದೆ. ಚಿಲಕ ಕೂರಲಿಲ್ಲ.

ಇನ್ನೊಮ್ಮೆ ಎಳೆದೆ. ನನ್ನ ಹತ್ತಿರವೇ ಏನಾದರೂ ಉಳಿದಿದೆಯೇನೋ ಎಂದು ಬಾಗಿಲಿಗೆ ಹಣೆ ಕೊಟ್ಟು, ನೆನಪಿಗೆ ಬಂದದ್ದನ್ನೆಲ್ಲ ಹೇಳಿದೆ. ತಡವಾಗಿ ಬಂದದ್ದು, ಸ್ಟೋರಿನ ಪೆನ್ನು ಮನೆಗೆ ಒಯ್ದದ್ದು. ಕೂರಲಿಲ್ಲ. ಬಾಗಿಲ ಬಳಿ ಇದ್ದವಳು ನಾನೊಬ್ಬಳೇ. ಊರು ಯಾರನ್ನು ಕೇಳುತ್ತದೆ? ಅದೂ ಈ ದಿನ, ತೋರಣ ಕಟ್ಟಿದ ದಿನ? ಪುಸ್ತಕ ತೆಗೆದು, "11.05, ಬಾಗಿಲು ಮುಚ್ಚಿದೆ, ಚಿಲಕ ಕೂತಿದೆ" ಎಂದು ಬರೆದೆ. ಹದಿನಾಲ್ಕು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು ಅದು. ಆಮೇಲೆ ಓಬಳೇಶಣ್ಣನಿಗೆ ಫೋನು ಮಾಡಿ, "ಅಣ್ಣಾ, ಮುಂದಿನ ವಾರ ಪಟ್ಟಿ ಬದಲಿಸೋದು ಇತ್ತಲ್ಲ, ಇವತ್ತೇ ಮಾಡಿಬಿಡ್ತೀರಾ?" ಎಂದೆ. ಅವರು ಯಾಕೆ ಎಂದು ಕೇಳಲಿಲ್ಲ. ಎರಡು ಗಂಟೆಗೆ ಬಂದು ಹಳೆ ಪಟ್ಟಿ ಕಿತ್ತು ಹೊಸದನ್ನು ಕೂರಿಸಿದರು. ನಾಲ್ಕು ಗಂಟೆಗೆ ಪಾಳಿ ಬದಲಾಗುವಾಗ ನಲವತ್ತು ಜನರ ಎದುರು ಬಾಗಿಲು ಎಳೆದರೆ ಚಿಲಕ ಕೂರಲಿಲ್ಲ. ಪುಸ್ತಕದ ಪ್ರಕಾರ ಬೆಳಿಗ್ಗೆ ಕೂತಿದ್ದ ಚಿಲಕ, ಓಬಳೇಶಣ್ಣ ಪಟ್ಟಿ ಬದಲಿಸಿದ ಮೇಲೆ ಕೂರುತ್ತಿಲ್ಲ.

ಮಾರನೇ ದಿನ ಒಲೆ ಆರಿಸಿದರು. ಊರಿಗೆ ಅರ್ಧ ದಿನ ಕರೆಂಟು, ಆಸ್ಪತ್ರೆಗೆ ಜನರೇಟರು, ನೂಲಿನ ಗಿರಣಿಗೆ ಬೀಗ. ಸ್ಥಾವರದ ಆರುನೂರು ಜನ ಬಾಗಿಲ ಮುಂದೆ ಸಾಲು ನಿಂತು ತಪ್ಪು ಹೇಳಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು. ಪಂಪಿನ ಮನೆಯಲ್ಲಿ ನಿದ್ದೆ ಮಾಡಿದವರು, ಗೆಳೆಯನ ಹಾಜರಿ ತಾವು ಹಾಕಿದವರು, ಅಳತೆ ಮಾಪಕವನ್ನು ದೂರದಿಂದಲೇ ಓದಿ ಬರೆದವರು, ಎಲ್ಲರೂ ಹೊರಬಂದರು. ಮೂರು ದಿನ ನಾನು ಕೂತು ಬರೆದೆ. ನನ್ನ ಸರದಿ ಬಂದಾಗ ಸ್ಟೋರಿನ ಪೆನ್ನಿನ ಕಥೆ ಹೇಳಿದೆ. ಜನ ನಕ್ಕರು. ಉಳಿದದ್ದನ್ನು ನಾಳೆ ಹೇಳೋಣ, ಯಾರದೋ ದೊಡ್ಡದೊಂದು ಹೊರಗೆ ಬಂದರೆ ನನ್ನದನ್ನು ಕೇಳುವವರಾರು ಎಂದುಕೊಂಡೆ. ನಾಳೆ ಎನ್ನುವುದು ನಮ್ಮೂರಿನಲ್ಲಿ ಬಹಳ ಅಪಾಯದ ಪದ.

ಎಲ್ಲರದೂ ಮುಗಿದ ಮೇಲೆ ಓಬಳೇಶಣ್ಣ ಬಂದು, ಎಂದಿನಂತೆ, "ಏನೂ ಇಲ್ಲ" ಎಂದರು. ಸಾಲಿನಲ್ಲಿ ಗುಸುಗುಸು ಎದ್ದಿತು. ಆ ಸಂಜೆ ಚಂದ್ರಮೌಳಿಯವರು ನನ್ನನ್ನು ಕರೆಸಿ, "ಪಂಕಜಮ್ಮ, ನಿಮ್ಮ ಮಾತಂದ್ರೆ ಅವರಿಗೆ ಬೆಲೆ ಇದೆ. ಒಂದ್ಸಲ ಕೇಳಿ ನೋಡಿ. ಯಾರೂ ಬಯ್ಯೋದಿಲ್ಲ, ಹೇಳಿದ್ರೆ ಸಾಕು" ಎಂದರು.

ನಾನು ಹೋದೆ. ಹೋಗಬಾರದಿತ್ತು. ಉಪಕರಣದ ಕೋಣೆಯಲ್ಲಿ ಓಬಳೇಶಣ್ಣ ಚಾಕು ಒರೆಸುತ್ತ ಕೂತಿದ್ದರು. ನೆಲ ನೋಡುತ್ತ ಕೇಳಿದೆ: "ಅಣ್ಣಾ, ಪಟ್ಟಿ ಕೂರಿಸುವಾಗ ಏನಾದ್ರೂ... ಒಂಚೂರು ಹೆಚ್ಚುಕಮ್ಮಿ ಆಗಿತ್ತಾ?"

ಅವರು ಚಾಕು ಕೆಳಗಿಟ್ಟರು. "ನೀನು ಕೇಳ್ತಿದ್ದೀಯಾ, ಇಲ್ಲ ಅವ್ರು ಕೇಳಿಸ್ತಿದ್ದಾರಾ?"

ನಾನು ನೆಲದ ಮೇಲಿದ್ದ ರಬ್ಬರ್ ಚೂರೊಂದನ್ನು ಎತ್ತಿ ಮೇಜಿನ ಮೇಲಿಟ್ಟೆ.

"ಆಯ್ತು ಬಿಡು ಕೂಸೇ" ಎಂದರು.

ಮಾರನೇ ಬೆಳಿಗ್ಗೆ ಎಲ್ಲರೆದುರು ನಿಂತು ಓಬಳೇಶಣ್ಣ, "ಪಟ್ಟೀನ ಒಂದು ಕೂದಲೆಳೆ ಗಿಡ್ಡ ಕೊಯ್ದೆ. ಗೊತ್ತಾದ್ರೂ ಹೇಳ್ಲಿಲ್ಲ" ಎಂದರು. ಜನ ನಿಟ್ಟುಸಿರು ಬಿಟ್ಟರು. ಹೊಸ ಪಟ್ಟಿ ತಂದು ಕೂರಿಸಿದರು, ಬಾಗಿಲು ಎಳೆದರು. ಚಿಲಕ ಕೂರಲಿಲ್ಲ. ಆಗ ಜನರ ಮುಖವೇ ಬದಲಾಯಿತು. ಇಷ್ಟು ಹೇಳಿದವನು ಇನ್ನೆಷ್ಟು ಬಚ್ಚಿಟ್ಟಿದ್ದಾನೋ ಎಂದರು. ಓಬಳೇಶಣ್ಣನ ಗೇಟ್ ಪಾಸು ಕಿತ್ತುಕೊಂಡರು. ಊರ ಬಾಯಿ ಮುಚ್ಚುವುದಕ್ಕೆ ಯಾವ ಚಿಲಕ ಇದೆ? ಹಾಲಿನವನು ಅವರ ಮನೆ ಮುಂದೆ ಕೂಗುವುದನ್ನು ಬಿಟ್ಟ. ಮುಚ್ಚಿದ ಗಿರಣಿಯ ಹೆಂಗಸರು ಅವರ ಹೆಂಡತಿ ತಿಪ್ಪಕ್ಕ ನಲ್ಲಿಯ ಹತ್ತಿರ ಬಂದರೆ ಕೊಡ ಎತ್ತಿಕೊಂಡು ಎದ್ದು ಹೋದರು.

ಎಂಟನೇ ದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಹೇಳಿಬಿಡಬೇಕು ಎಂದೇ ಹೊರಟಿದ್ದೆ, ದೇವರಾಣೆಗೂ. ಬಾಗಿಲ ಬಳಿ ಹೋದವಳಿಗೆ ಕಣ್ಣು ತಪ್ಪಿಸಲಾಗಲಿಲ್ಲ. ಹೊಸ ತೆಂಗಿನ ನಾರಿನ ಹಗ್ಗ ಗೂಟಕ್ಕೆ ಸುತ್ತಿಕೊಂಡಿತ್ತು.

ತಿಪ್ಪಕ್ಕ ನನ್ನನ್ನು ಕೂರಿಸಿ, ನೀರು ಕೊಟ್ಟು, ಹಗ್ಗದ ಕಡೆ ಕೈ ತೋರಿಸಿದಳು. "ನಲ್ವತ್ತು ವರ್ಷದಲ್ಲಿ ಈ ಮನೇಲಿ ಹಗ್ಗ ನೋಡಿದ್ದಿಲ್ಲ ಕಣವ್ವ. ಸ್ಥಾವರದಲ್ಲಿ ಗಲಾಟೆ ಆದ ಮೂರು ದಿನಾನೂ ಚಿಲಕ ಟಕ್ಕಂತ ಬೀಳ್ತಿತ್ತು. ಇವರು ಮನೆಗೆ ಬಂದು, ತಪ್ಪು ನಂದೇ, ಪಟ್ಟಿ ಗಿಡ್ಡ ಕೊಯ್ದವನು ನಾನೇ ಅಂತ ನನ್ಗೆ ಹೇಳಿದ್ರಲ್ಲ, ಆವತ್ತು ಸಂಜೆಯಿಂದ ಬೀಳ್ತಿಲ್ಲ. ತಪ್ಪು ಹೇಳ್ಕೊಂಡ್ಮೇಲೆ ಕೂರ್ಬೇಕಲ್ವಾ? ಇದೆಂಥ ಉಲ್ಟಾ?"

ನನಗೆ ತಿಳಿಯಿತು. ಓಬಳೇಶಣ್ಣ ಹೆಂಡತಿಗೆ ಸುಳ್ಳು ಹೇಳಿದ್ದರು. ಮಾಡದ ತಪ್ಪನ್ನು ಮಾಡಿದೆ ಎಂದಿದ್ದರು. ಅವರು ಹಿತ್ತಿಲಲ್ಲಿ ಮಣೆಯೊಂದಕ್ಕೆ ಮೊಳೆ ಹೊಡೆಯುತ್ತಿದ್ದ ಸದ್ದು ಕೇಳುತ್ತಿತ್ತು. ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ನೀರನ್ನೂ ಕುಡಿಯದೆ ಎದ್ದು ಸ್ಥಾವರಕ್ಕೆ ನಡೆದೆ.

ದಾರಿಯಲ್ಲಿ ನಡೆಯುತ್ತ ನಡೆಯುತ್ತ ಎರಡನೆಯದೂ ಹೊಳೆಯಿತು. ಬೆಳಿಗ್ಗೆ ಹನ್ನೊಂದು ಗಂಟೆ. ಚಪ್ಪಾಳೆ. ಅದೇ ಗಳಿಗೆಯಲ್ಲಿ ಚಿಲಕ ಬಿಟ್ಟುಕೊಂಡದ್ದು. ಅದಕ್ಕೆ ಐದು ನಿಮಿಷ ಮುಂಚೆ ನಾವು ಒಂದು ಒಲೆಯ ಮನೆಯಾಗಿದ್ದೆವು, ಐದು ನಿಮಿಷದ ಮೇಲೆ ಹನ್ನೊಂದು ಒಲೆಯ ಮನೆ. ನಮ್ಮ ಆರುನೂರು ಜನರನ್ನು ಹಿಂಡಿ ಹಾಕಿದೆವು. ನಮ್ಮ ಮನೆ ಈಗ ಸಮುದ್ರದಾಚೆಗೂ ಇದೆ ಎನ್ನುವುದು ಒಬ್ಬರಿಗೂ ತಲೆಗೆ ಹೋಗಲಿಲ್ಲ.

ಚಂದ್ರಮೌಳಿಯವರ ಕೋಣೆಯಲ್ಲಿ ಆಡಳಿತ ಮಂಡಳಿಯ ಇಬ್ಬರು ಕೂತಿದ್ದರು. ನಾನು ತಿಪ್ಪಕ್ಕನ ಹಗ್ಗದ ವಿಷಯ ಹೇಳಿದೆ. ಆಮೇಲೆ, "ಸಾರ್, ಚಿಲಕ ಕೆಟ್ಟದ್ದು ಒಪ್ಪಂದ ಜಾರಿಗೆ ಬಂದ ದಿನಾನೇ" ಎಂದೆ. ದಿನ ಎಂದೆ. ಗಂಟೆ ಹೇಳಿದ್ದರೆ ಮಾತು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಹೇಳಿದರೆ ಪುಸ್ತಕ ತೆಗೆಯಬೇಕಾಗುತ್ತಿತ್ತು.

ಚಂದ್ರಮೌಳಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಂಡಳಿಯವರಲ್ಲಿ ಒಬ್ಬರಿಗೆ ಸಮಾಧಾನವೇ ಆಯಿತು. "ಹಾಗಾದ್ರೆ ಸುಲಭ ಆಯ್ತಲ್ಲ. ಎರಡು ಸಾಲಿನ ಪತ್ರ ಬರೆದು ಒಪ್ಪಂದದಿಂದ ಹೊರಗೆ ಬರೋಣ. ಚಿಲಕ ಕೂರುತ್ತೆ. ಊರಿಗೆ ಬೆಳಕು ಬರುತ್ತೆ. ಯಾರದೋ ಮನೆ ಹೊಲಸಿಗೆ ನಾವ್ಯಾಕೆ ಕತ್ತಲಲ್ಲಿ ಕೂರ್ಬೇಕು?"

"ಕೂರುತ್ತೆ" ಎಂದರು ಚಂದ್ರಮೌಳಿ. "ಆ ತಪ್ಪು ಮಾತ್ರ ಇದ್ದಲ್ಲೇ ಇರುತ್ತೆ. ನಮಗೆ ಕಾಣೋದಿಲ್ಲ, ಅಷ್ಟೇ. ಹನ್ನೊಂದು ಮನೆಗೆ ಬಾಗಿಲು ಅಂತ ಇರೋದು ನಮ್ಮದೊಂದೇ ಸ್ವಾಮಿ. ಅದನ್ನೂ ಕಿತ್ತುಕೊಂಡು ಬರೋಣ್ವಾ?" ಕನ್ನಡಕ ಹಾಕಿಕೊಂಡು ಮತ್ತೆ ಹೇಳಿದರು: "ಆದ್ರೆ ನಿಮ್ಮಲ್ಲಿ ಯಾರು ಕಳ್ಳರು ಅಂತ ಕೇಳಿ ಬರೆಯೋದಿಲ್ಲ. ನಮ್ಮ ತಪ್ಪನ್ನ ಮೊದಲು ಬರೆಯೋಣ. ಪಂಕಜಮ್ಮ, ಬರ್ಕೊಳ್ಳಿ."

ನಾನು ಬರೆದುಕೊಂಡೆ. ಒಪ್ಪಂದದ ಪ್ರಕಾರ ಜಗತ್ತಿಗೆ ಹೋದ ಮೊಟ್ಟಮೊದಲ ವರದಿ ಅದು. ನಮ್ಮ ಊರಿನ ಚಿಲಕದ ರೀತಿಯನ್ನು ಅದರಲ್ಲಿ ಸರಳವಾಗಿ ಹೇಳಿದ್ದೆವು. ಚಿಲಕ ಕೂರದಿದ್ದಾಗ ನಮ್ಮೊಳಗೇ ಹುಡುಕಿದೆವು, ನಿರಪರಾಧಿಯೊಬ್ಬನನ್ನು ಒತ್ತಾಯಿಸಿ ಸುಳ್ಳು ತಪ್ಪೊಪ್ಪಿಗೆ ಪಡೆದೆವು, ಅವನ ಪಾಸು ಕಿತ್ತುಕೊಂಡೆವು, ಇದು ನಮ್ಮ ತಪ್ಪು. ಈ ಮನೆಯಲ್ಲಿ ಇನ್ನೇನಾದರೂ ಉಳಿದಿದೆಯೇ ಎಂದು ಕೇಳುತ್ತಿದ್ದೇವೆ. ಕೆಳಗೆ, ಚಿಲಕ ಮೊದಲು ಕೆಟ್ಟ ಸಮಯ ಎನ್ನುವಲ್ಲಿ, ನಾನು "ಸಂಜೆ ನಾಲ್ಕು" ಎಂದು ತುಂಬಿದೆ. ಎರಡನೇ ಸಲ.

ಆರು ಕಡೆಯಿಂದ ನಯವಾದ ಉತ್ತರ ಬಂತು. ಮೂರು ಕಡೆಯಿಂದ ಬರಲೇ ಇಲ್ಲ. ನಮಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಓಬಳೇಶಣ್ಣನಿಗೆ ಪಾಸು ವಾಪಸು ಕೊಡಲು ಚಂದ್ರಮೌಳಿಯವರೇ ಮನೆಗೆ ಹೋಗಿ ಕೈ ಮುಗಿದರು. ಅಂದು ಸಂಜೆ ತಿಪ್ಪಕ್ಕನ ಮನೆಯ ಹಗ್ಗ ಇಳಿಯಿತು ಎಂದು ಕೇಳಿದೆ. ನನ್ನನ್ನು ಕಂಡಾಗ ಓಬಳೇಶಣ್ಣ ಎಂದಿನಂತೆಯೇ "ಊಟ ಆಯ್ತಾ?" ಎಂದರು. ಆ ಮಾತಿಗಿಂತ ಎರಡೇಟು ಹೊಡೆದಿದ್ದರೆ ವಾಸಿಯಿತ್ತು.

ಹತ್ತೊಂಬತ್ತನೇ ದಿನ ಉತ್ತರದ ಚಳಿ ಸಮುದ್ರದ ದಡದ ಸ್ಥಾವರವೊಂದರಿಂದ ಪತ್ರ ಬಂತು. ಬರೆದವಳು ಅಲ್ಲಿನ ಪಾಳಿಯೊಂದರ ಮುಖ್ಯಸ್ಥೆ. ಒಲೆಗೆ ತುರ್ತಿನಲ್ಲಿ ನೀರು ಹಾಯಿಸುವ ಎರಡು ಪಂಪುಗಳಲ್ಲಿ ಒಂದು ಎರಡು ವರ್ಷದಿಂದ ಪರೀಕ್ಷೆಯಲ್ಲಿ ಚಾಲೂ ಆಗುತ್ತಿರಲಿಲ್ಲ. ಚಾಲೂ ಆಯಿತು ಎಂದು ನಾನೇ ಬರೆಯುತ್ತ ಬಂದಿದ್ದೇನೆ, ಮೊದಲ ಸಲ ಹೆದರಿ ಬರೆದೆ, ಆಮೇಲೆ ಮೊದಲ ಸಲದ್ದನ್ನು ಮುಚ್ಚಲು ಬರೆದೆ ಎಂದಿದ್ದಳು. "ನಿಮ್ಮ ಬಾಗಿಲಿನ ಕಥೆಯನ್ನು ನಾನು ನಂಬಿದೆನೋ ಇಲ್ಲವೋ ಗೊತ್ತಿಲ್ಲ. ಮಾಡದ ತಪ್ಪನ್ನು ಹೊತ್ತ ಆ ಮುದುಕನನ್ನು ಮಾತ್ರ ಮರೆಯಲಾಗಲಿಲ್ಲ" ಎಂದು ಕೊನೆಯಲ್ಲಿತ್ತು. ಅವರು ತಮ್ಮ ಒಲೆ ಆರಿಸಿದ್ದರು.

ಸುದ್ದಿ ಹಬ್ಬಿ ಅರ್ಧ ಊರು ಒಲೆಮನೆಯ ಮುಂದೆ ಸೇರಿತು. ಗಿರಣಿಯ ಹೆಂಗಸರು ತಿಪ್ಪಕ್ಕನನ್ನು ಮುಂದೆ ಬಿಟ್ಟುಕೊಂಡು ನಿಂತಿದ್ದರು. ಚಂದ್ರಮೌಳಿಯವರು ಪತ್ರವನ್ನು ಎಲ್ಲರಿಗೂ ಕೇಳುವಂತೆ ಓದಿದರು. ಓಬಳೇಶಣ್ಣ ಕೈ ಒರೆಸಿಕೊಂಡು ಬಾಗಿಲು ಎಳೆದರು.

ಚಿಲಕ ಕೂರಲಿಲ್ಲ.

ಯಾರೋ ಹಿಂದಿನಿಂದ, "ಇನ್ನೂ ಯಾವ ದೇಶದವರು ಬಚ್ಚಿಟ್ಟಿದ್ದಾರಪ್ಪಾ?" ಎಂದರು. ತಲೆಗಳೆಲ್ಲ ಅಲ್ಲಾಡಿದವು. ಮೊದಲ ಎಂಟು ದಿನ ನಮ್ಮೊಳಗೇ ಹುಡುಕಿದ್ದ ಜನ ಈಗ ಸಮುದ್ರದಾಚೆಗೆ ನೋಡುತ್ತಿದ್ದರು. ಮಂಡಳಿಯವರು ಚಂದ್ರಮೌಳಿಯವರ ಕಿವಿಯಲ್ಲಿ ಏನೋ ಹೇಳಿದರು. ಅದು ಆ ಎರಡು ಸಾಲಿನ ಪತ್ರದ ಮಾತೇ ಇರಬೇಕು, ಯಾಕೆಂದರೆ ಚಂದ್ರಮೌಳಿಯವರು ಈ ಸಲ ಬೇಡ ಎನ್ನಲಿಲ್ಲ. ಸುಸ್ತಾದವರ ಹಾಗೆ ಕಣ್ಣು ಮುಚ್ಚಿಕೊಂಡರು.

ಓಬಳೇಶಣ್ಣ ಮಾತ್ರ ಸಮುದ್ರದಾಚೆಗೆ ನೋಡಲಿಲ್ಲ. ಬಾಗಿಲ ಹಿಡಿಯ ಮೇಲೆ ಕೈ ಇಟ್ಟುಕೊಂಡೇ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಆಗ ನನಗೆ ಗೊತ್ತಾಯಿತು. ಅಂದು ಎರಡು ಗಂಟೆಗೆ ಪಟ್ಟಿ ಬದಲಿಸಲು ಬಂದ ಮನುಷ್ಯ, ಹಸುವಿನ ಮೈ ಮುಟ್ಟಿದಂತೆ ಬಾಗಿಲು ಮುಟ್ಟಿ ನೋಡುವ ಮನುಷ್ಯ, ಚಿಲಕ ಆಗಲೇ ಸಡಿಲವಾಗಿದ್ದುದನ್ನು ಕಾಣದೆ ಇರುತ್ತಾರೆಯೇ? ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ಉಪಕರಣದ ಕೋಣೆಗೆ ಹೋಗಿ ನೆಲ ನೋಡುತ್ತ ಕೇಳಿದಾಗಲೂ ಗೊತ್ತಿತ್ತು. ಆಯ್ತು ಬಿಡು ಕೂಸೇ ಎಂದದ್ದು ನನ್ನನ್ನು ಉಳಿಸಲು.

"ಪಂಕಜಾ" ಎಂದರು, ಪಾಳಿ ಮುಗಿದಾಗ ದಿನವೂ ಕೇಳುವ ದನಿಯಲ್ಲಿ. "ಇನ್ನೇನಾದ್ರೂ ಉಳೀತಾ?"

ಪುಸ್ತಕ ಎದೆಗೆ ಅವಚಿಕೊಂಡು ಹೊಸ್ತಿಲ ಹತ್ತಿರ ಹೋದೆ. ಆ ಸೋಮವಾರದ ಪುಟ ತೆಗೆದು ಓದಿದೆ, ಓದಿ, ಇದು ಸುಳ್ಳು ಎಂದೆ. ಹನ್ನೊಂದು ಗಂಟೆಗೇ ಚಿಲಕ ಕೂತಿರಲಿಲ್ಲ, ಹೆದರಿ ಹಾಗೆ ಬರೆದೆ, ಓಬಳೇಶಣ್ಣನನ್ನು ಕರೆಸಿ ಅವರ ತಲೆಗೆ ಬರುವಂತೆ ಮಾಡಿದೆ, ಅವರ ಪಾಸು ಕಿತ್ತುಕೊಳ್ಳುವಾಗ ನೋಡುತ್ತ ನಿಂತೆ, ಜಗತ್ತಿಗೆ ಹೋದ ವರದಿಯಲ್ಲೂ ಅದೇ ಸುಳ್ಳು ಬರೆದೆ. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತೆ. ತಿಪ್ಪಕ್ಕ ಎರಡು ಮಾರು ದೂರದಲ್ಲಿದ್ದಳು. ಅವಳು ನನ್ನ ಹತ್ತಿರ ಬರಲಿಲ್ಲ. ಬರಲಿ ಎಂದು ನಾನು ಬಯಸುವಂತೆಯೂ ಇರಲಿಲ್ಲ.

ಓಬಳೇಶಣ್ಣ ಕಾದರು. ನಾನು ಮೂಗು ಒರೆಸಿಕೊಂಡು, "ಏನೂ ಉಳಿದಿಲ್ಲ" ಎಂದೆ.

ಅವರು ಬಾಗಿಲು ಎಳೆದರು. ಚಿಲಕ ಕೂತಿತು. ಅಷ್ಟು ಜನರಿದ್ದರೂ ಆ ಸದ್ದು ಎಲ್ಲರಿಗೂ ಕೇಳಿಸಿತು.

ಆಮೇಲೆ ನಾನು ಆ ಪುಸ್ತಕ ಬರೆಯಲಿಲ್ಲ. ಅವರು ಕೊಡಲೂ ಇಲ್ಲ, ನಾನು ಕೇಳಲೂ ಇಲ್ಲ. ಈಗ ರಬ್ಬರ್ ಪಟ್ಟಿಗಳ ಗೋದಾಮಿನಲ್ಲಿದ್ದೇನೆ. ನನ್ನ ಹೇಳಿಕೆಯನ್ನು ಚಂದ್ರಮೌಳಿಯವರು ಒಪ್ಪಂದದ ಮೂರನೇ ವರದಿಯಾಗಿ ಹತ್ತೂ ಕಡೆಗೆ ಕಳಿಸಿದರು, ನನ್ನ ಹೆಸರು ಹಾಕಿ, ನನ್ನನ್ನು ಕೇಳಿಯೇ ಹಾಕಿ. ಮುಂದಿನ ತಿಂಗಳಲ್ಲಿ ಉತ್ತರ ಕೊಡದೆ ಕೂತಿದ್ದ ಮೂರು ಸ್ಥಾವರಗಳಿಂದಲೂ ಒಂದೊಂದು ವರದಿ ಬಂತು. ಸಣ್ಣಪುಟ್ಟವು, ಆಗಷ್ಟೇ ನಡೆದವು. ದೊಡ್ಡದಾಗುವ ಮುಂಚೆಯೇ ಹೇಳಿದ್ದರು.

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಚಿಲಕ ಕೂತ ಆ ದಿನದ ಒಂದು ಸಣ್ಣ ವಿಷಯ. ಚಿಲಕ ಕೂತ ಮೇಲೂ ಒಮ್ಮೆ ಜಗ್ಗಿ ನೋಡುವುದು ಓಬಳೇಶಣ್ಣನ ಅಭ್ಯಾಸ ಎಂದೆನಲ್ಲ. ಮೂವತ್ತು ವರ್ಷದಲ್ಲಿ ಒಂದು ದಿನವೂ ಅದನ್ನು ತಪ್ಪಿಸಿದವರಲ್ಲ. ಅಂದು ಹಿಡಿಯಿಂದ ಕೈ ತೆಗೆದರು, ನನ್ನನ್ನೊಮ್ಮೆ ನೋಡಿದರು, ಜಗ್ಗಿ ನೋಡದೆ ಹೊರಟುಹೋದರು.